ಓರಾಂಜ್ ಕವಲಿಗೆ ಐವತ್ತೆರಡು ಕಿಲೋಮೀಟರ್

ಎರಡು ಸಾಲುಗಳು ಒಂದೇ ದಿಕ್ಕಿಗೆ ಸಾಗುತ್ತಿದ್ದು, ಎರಡರ ವೇಗವೂ ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದರೆ, ಒಂದು ಸಾಲಿನ ಕಾರು ಇನ್ನೊಂದು ಸಾಲಿನ ಅದೇ ಕಾರನ್ನು ಎಷ್ಟು ಬಾರಿ ಸಂಧಿಸುತ್ತದೆ? ಈ ಲೆಕ್ಕವನ್ನು ನಾನು ಶಾಲೆಯಲ್ಲಿ ಎಂದೂ ಕೊಟ್ಟಿಲ್ಲ. ಉತ್ತರ ಮಾತ್ರ ನನಗೆ ಗೊತ್ತು: ಹತ್ತೊಂಬತ್ತು.

ಅದು ೧೯೮೭ರ ಆಗಸ್ಟ್ ಒಂದು, ಶನಿವಾರ. ಜುಲೈ ರಜೆಯವರು ಮನೆಗೆ ಮರಳುವ, ಆಗಸ್ಟ್ ರಜೆಯವರು ಮನೆ ಬಿಡುವ ದಿನ. ಈ ದಿನ ಹೊರಡಬೇಡಿ ಎಂದು ರೇಡಿಯೊ ವಾರದಿಂದ ಹೇಳುತ್ತಿತ್ತು. ಆ ಮಾತು ಬೇರೆಯವರಿಗೆ ಎಂದು ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಮೊಂತೆಲಿಮಾರ್ ದಾಟಿದ ಮೇಲೆ ಹೆದ್ದಾರಿಯ ಮೂರು ಸಾಲುಗಳೂ ನಿಂತವು. ಬದಿಯ ಫಲಕದಲ್ಲಿ ‘ಓರಾಂಜ್ ೫೨’ ಎಂದಿತ್ತು. ಗಂಟೆ ಸರಿಯಾಗಿ ಹನ್ನೊಂದು. ನಾನು ಎಡ ಸಾಲಿನಲ್ಲಿದ್ದೆ.

ನನ್ನ ಹೆಸರು ಗೋಟಿಯೇ. ಶಾಲೋಂ ಪಟ್ಟಣದ ಶಾಲೆಯಲ್ಲಿ ಅಂಕಗಣಿತ ಕಲಿಸುತ್ತಿದ್ದೆ, ವಯಸ್ಸು ಇಪ್ಪತ್ತೊಂಬತ್ತು. ಎಂಟು ದಿನಗಳ ರಜೆಗೆ ಸಮುದ್ರತೀರದ ಕಸ್ಸಿಯಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದೆ. ಪಕ್ಕದ ಸೀಟಿನಲ್ಲಿ, ಬೆಲ್ಟ್ ಬಿಗಿಸಿಕೊಂಡು, ಬಿಳಿಯ ಬಟ್ಟೆ ಮುಚ್ಚಿದ ಮಣ್ಣಿನ ಜಾಡಿಯೊಂದು ಕುಳಿತಿತ್ತು.

ನಡುಸಾಲಿನ ನೀಲಿ ಕಾರೊಂದು ತೆವಳುತ್ತ ಬಂದು ನನ್ನ ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವಳು ಒಬ್ಬ ತರುಣಿ; ಆಕೆಯ ಆಚೆಗೆ ಒಬ್ಬ ಮುದುಕಿ. ತರುಣಿಯ ಕಣ್ಣು ಜಾಡಿಯ ಮೇಲೆ ಬಿತ್ತು, ಬೆಲ್ಟಿನ ಮೇಲೆ ಹರಿಯಿತು, ಅಲ್ಲಿಂದ ನನ್ನ ಮುಖಕ್ಕೆ ಏರಿತು. ಆಕೆ ಗಾಜು ಪೂರ್ತಿ ಇಳಿಸಿದಳು.

“ಇಂಥ ದಿನ ಇಂಥ ಪ್ರಯಾಣ. ಕಷ್ಟ ಅಲ್ವಾ?”

ಕಷ್ಟವೇ, ಬಿಸಿಲು ಬೇರೆ ಎಂದೆ. ಸಮುದ್ರಕ್ಕೆ ಹೊರಟಿದ್ದೀರಾ ಎಂದು ಕೇಳಿದಳು. ಹೌದು, ಅಕ್ಕ ಅಲ್ಲಿ ಕಾಯುತ್ತಿದ್ದಾಳೆ, ಅವಳ ಕೈಗೆ ಒಪ್ಪಿಸಿದರೆ ನನ್ನ ಜವಾಬ್ದಾರಿ ಮುಗಿಯಿತು ಎಂದೆ. ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ತುಟಿಯಲ್ಲೇ ಏನನ್ನೋ ಜಪಿಸಿದಳು. ಟ್ರಾಫಿಕ್ಕಿನ ಸಲುವಾಗಿ ಇಷ್ಟೊಂದು ಮರುಕ ಯಾಕೆಂದು ನಾನು ಯೋಚಿಸುತ್ತಿದ್ದಾಗಲೇ ಜಾಡಿಯ ಬಟ್ಟೆ ನಿಧಾನವಾಗಿ ಮೇಲೆದ್ದಿತು.

ಮುದುಕಿ ತರುಣಿಯ ತೋಳನ್ನು ಗಟ್ಟಿಯಾಗಿ ಹಿಡಿದಳು.

ಆಗ ನನಗೆ ಅರ್ಥವಾಯಿತು. ಜಾಡಿಯಲ್ಲಿದ್ದುದು ಯಾರ ಚಿತಾಭಸ್ಮವೂ ಅಲ್ಲ, ಬ್ರೆಡ್ಡಿಗೆ ಹಾಕುವ ಹುಳಿಹಿಟ್ಟು ಎಂದು ವಿವರಿಸಿದೆ. ನಮ್ಮ ತಂದೆಯ ಬೇಕರಿ ಆಗಸ್ಟ್‌ನಲ್ಲಿ ಮುಚ್ಚುತ್ತಿತ್ತು. ಅಜ್ಜನ ಕಾಲದ ಆ ಹಿಟ್ಟಿಗೆ ದಿನಕ್ಕೆರಡು ಬಾರಿ ಹೊಸ ಹಿಟ್ಟು ತಿನ್ನಿಸಬೇಕು. ಯಜಮಾನರಿಗೆ ರಜೆ ಉಂಟು, ಹಿಟ್ಟಿಗಿಲ್ಲ. ಅದಕ್ಕೇ ಅಕ್ಕನ ಮನೆಗೆ ಸಾಗಣೆ. ಬಿಸಿಲಿಗೆ ಅದು ಉಬ್ಬಿತ್ತು, ಅಷ್ಟೆ.

ತರುಣಿ ಎಷ್ಟು ನಕ್ಕಳೆಂದರೆ ಕಾಲು ಕ್ಲಚ್ಚಿನಿಂದ ಜಾರಿ ಎಂಜಿನ್ ನಿಂತುಹೋಯಿತು. ಹಿಂದಿನವರು ಹಾರ್ನ್ ಹೊಡೆದರು. ಮುದುಕಿ ಮಾತ್ರ ನಗಲಿಲ್ಲ.

“ಸುಮ್ಮನೆ ಒಂದು ಪ್ರಾರ್ಥನೆ ಖರ್ಚಾಯ್ತಲ್ಲೋ ತಮ್ಮಾ,” ಎಂದಳು.

ಅಷ್ಟರಲ್ಲಿ ನನ್ನ ಸಾಲು ಚಲಿಸಿತು.

ಆಕೆಯ ಹೆಸರು ಸೊಲೆನ್, ಅಜ್ಜಿಯ ಹೆಸರು ಒಡೆಟ್ ಎಂಬುದು ನನಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ. ರಸ್ತೆಯ ಮೇಲೆ ನಮ್ಮಲ್ಲಿ ಯಾರಿಗೂ ಹೆಸರಿರಲಿಲ್ಲ. ನಂಬರ್ ಪ್ಲೇಟಿನ ಕೊನೆಯ ಎರಡಂಕಿ ನೋಡಿದರೆ ಯಾವ ಜಿಲ್ಲೆಯವರೆಂದು ತಿಳಿಯುತ್ತಿತ್ತು. ಬೈಯುವುದಕ್ಕೂ ಕರೆಯುವುದಕ್ಕೂ ಅಷ್ಟು ಸಾಕಾಗಿತ್ತು. ನಾನು ಎಪ್ಪತ್ತೊಂದು. ಆಕೆ ಉತ್ತರದ ನಾನ್ಸಿಯವಳು, ಐವತ್ತನಾಲ್ಕು.

ಎರಡು ನಿಮಿಷದಲ್ಲಿ ನಡುಸಾಲು ನಮ್ಮನ್ನು ಹಿಡಿಯಿತು. ನೀಲಿ ಕಾರು ಮೆಲ್ಲಗೆ ನನ್ನನ್ನು ದಾಟುತ್ತ, ಕಿಟಕಿಯಿಂದ ಒಂದು ಪ್ರಶ್ನೆ ಬಿಸಾಡಿ ಹೋಯಿತು: “ಏನ್ರೀ ಎಪ್ಪತ್ತೊಂದು, ಮಗು ಮಲಗಿತಾ?” ಉತ್ತರ ಹೇಳಲು ನಾನು ಮುಂದಿನ ಸಂಧಿಯವರೆಗೆ ಕಾಯಬೇಕಾಯಿತು. ಆಕೆಯ ಮರುಪ್ರಶ್ನೆಗೆ ಮತ್ತೊಂದು ಸಂಧಿ. ಹೀಗೆ ಒಂದು ಸಂಭಾಷಣೆಯನ್ನು ತುಂಡುತುಂಡಾಗಿ, ಹತ್ತು ಸೆಕೆಂಡಿನ ಕಂತುಗಳಲ್ಲಿ ನಡೆಸಿದೆವು. ನನ್ನ ಸಾಲು ಓಡಿದರೆ ನನಗೆ ಬೇಸರ, ನಿಂತರೆ ಸಂತೋಷ. ಆ ಹೆದ್ದಾರಿಯಲ್ಲಿ ಅಂದು ನಿಲ್ಲುವುದಕ್ಕಾಗಿ ಹಂಬಲಿಸಿದವನು ನಾನೊಬ್ಬನೇ ಇರಬೇಕು.

ಆಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳೆಂದು ಆರನೆಯ ಸಂಧಿಯಲ್ಲಿ ತಿಳಿಯಿತು. ಏಳನೆಯದರಲ್ಲಿ ಆಕೆ ಕಿಟಕಿಯ ಮೇಲೆ ಮೊಣಕೈ ಊರಿ, ಗಂಭೀರವಾಗಿ ವರದಿ ಒಪ್ಪಿಸಿದಳು.

“ಈ ಸಲ ನೀವು ನನ್ನ ಕಡೆ ಹನ್ನೊಂದು ಸಾರಿ ನೋಡಿದ್ರಿ. ರಸ್ತೆ ಕಡೆ ನಾಲ್ಕು.”

“ನಿಮ್ಮ ಲೆಕ್ಕ ತಪ್ಪು,” ಎಂದೆ. “ರಸ್ತೆ ಕಡೆ ಮೂರೇ.”

ಆಕೆಯ ಕಿವಿ ಕೆಂಪಾದದ್ದನ್ನು ನಾನು ಪಕ್ಕದ ಕನ್ನಡಿಯಲ್ಲಿ, ಸಾಲು ನನ್ನನ್ನು ಮುಂದಕ್ಕೆ ಎಳೆದೊಯ್ದ ಮೇಲೂ, ಬಹಳ ದೂರದವರೆಗೆ ನೋಡಿದೆ.

ಮಧ್ಯಾಹ್ನ ಹನ್ನೆರಡಕ್ಕೆ, ದೊಂಜೇರ್ ಹತ್ತಿರ, ಎಲ್ಲವೂ ಸ್ತಬ್ಧವಾಯಿತು. ಎಂಜಿನ್‌ಗಳು ಆರಿದವು. ಜನ ಮಡಿಸುವ ಕುರ್ಚಿಗಳನ್ನು ತೆಗೆದು ರಸ್ತೆಯ ಮೇಲೇ ಹಾಕಿಕೊಂಡರು. ಒಬ್ಬ ಮಹಾಶಯ ಕಾರಿನ ಕನ್ನಡಿಯಲ್ಲಿ ನೋಡಿಕೊಂಡು ಗಡ್ಡ ಹೆರೆದುಕೊಳ್ಳತೊಡಗಿದ. ಅಂದಿನ ನನ್ನ ಭಾಗ್ಯ: ನೀಲಿ ಕಾರು ನನ್ನ ಪಕ್ಕದಲ್ಲೇ ನಿಂತಿತ್ತು. ಆಕೆ ಇಳಿದು ಬಂದು ನನ್ನ ಕಾರಿನ ಬಾನೆಟ್ಟಿಗೆ ಒರಗಲು ಹೋಗಿ, ಬಿಸಿ ತಗುಲಿ, ಕೈ ಕೊಡವಿಕೊಂಡಳು. ಅಜ್ಜಿ ಒಳಗಿಂದಲೇ ತಣ್ಣನೆಯ ಕೋಳಿಯ ಕಾಲೊಂದನ್ನು ಕಾಗದದಲ್ಲಿ ಸುತ್ತಿ ನನಗೆ ಕಳಿಸಿದಳು. ತಿನ್ನುವಾಗ ಮೊಮ್ಮಗಳಿಗಿಂತ ಮೂರಡಿ ದೂರ ನಿಲ್ಲಬೇಕೆಂಬ ಷರತ್ತನ್ನೂ ಕೂಗಿ ಹೇಳಿದಳು.

ನಾನು ಕಸ್ಸಿಗೆ ಎಂದೆ. ಅವರು ಹೊರಟದ್ದು ಆರ್ಜೆಲೆಸ್‌ಗೆ, ಸ್ಪೇನಿನ ಗಡಿಯ ಬಳಿಯ ಕಡಲಿಗೆ. ಎಂದರೆ ಓರಾಂಜ್‌ನ ಕವಲಿನಲ್ಲಿ ಅವರು ಬಲಕ್ಕೆ, ನಾನು ಎಡಕ್ಕೆ. ಇದನ್ನು ಆಕೆ ಹೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಗಡ್ಡ ಹೆರೆಯುವವನನ್ನೇ ನೋಡಿದೆವು.

ಕವಲು ಎಷ್ಟು ದೂರ ಎಂದಳು. ಕಳೆದ ಒಂದು ಗಂಟೆಯಲ್ಲಿ ಬಂದದ್ದು ಹದಿಮೂರು ಕಿಲೋಮೀಟರ್, ಉಳಿದದ್ದು ಮೂವತ್ತೊಂಬತ್ತು, ಆದ್ದರಿಂದ ಹೊರಟ ಕ್ಷಣದಿಂದ ಮೂರು ಗಂಟೆ ಎಂದೆ.

“ಹಾಗಾದ್ರೆ ಇನ್ನು ಮೂರು ಗಂಟೆ ನಾವು ನೆರೆಹೊರೆಯವರು.”

ನಾನು ಜೇಬಿನಿಂದ ಪೆನ್ನು ತೆಗೆದೆ. ಆಕೆ ಅದನ್ನು ನೋಡಿ, ತನ್ನ ಬೆರಳುಗಳಿಂದ ನನ್ನ ಪೆನ್ನಿನ ತುದಿಯನ್ನು ಕೆಳಕ್ಕೆ ತಗ್ಗಿಸಿದಳು.

“ವಿಳಾಸ ಬೇಡ.”

ಕಾರಣವನ್ನು ಆಕೆ ನಗುತ್ತಲೇ ಹೇಳಿದಳು. ನಾಲ್ಕು ವರ್ಷದ ಹಿಂದೆ ಆರ್ಜೆಲೆಸ್‌ನ ಡೇರೆ ಮೈದಾನದಲ್ಲಿ ಒಬ್ಬನ ಪರಿಚಯವಾಗಿತ್ತು; ವಿಳಾಸ ಬರೆದುಕೊಂಡಿದ್ದರು. ಆಕೆ ಹನ್ನೊಂದು ಕಾಗದ ಬರೆದಳು. ಎರಡು ಉತ್ತರ ಬಂದವು. ಎರಡನೆಯದು ಹೊಸ ವರ್ಷದ ಶುಭಾಶಯದ ಕಾರ್ಡು, ಅದರಲ್ಲಿ ಆಕೆಯ ಹೆಸರು ತಪ್ಪಾಗಿತ್ತು. ಇಡೀ ಚಳಿಗಾಲ ಟಪಾಲಿನವನ ಸೈಕಲ್ಲಿಗೆ ಕಿವಿಗೊಟ್ಟು ಕುಳಿತದ್ದು ಸಾಕಾಗಿತ್ತು.

“ಆಗಸ್ಟ್‌ನಲ್ಲಿ ಎಲ್ಲರೂ ಒಳ್ಳೆಯವರೇ ರೀ. ಸೆಪ್ಟೆಂಬರ್‌ನಲ್ಲಿ ಯಾರೂ ಇರಲ್ಲ.”

ಹಾಗಾದರೆ ಮನುಷ್ಯ ಏನು ಮಾಡಬೇಕು ಎಂದು ಕೇಳಿದೆ. ಆಕೆ ಉತ್ತರಕ್ಕಾಗಿ ಬಾಯಿ ತೆರೆದಳು. ಮುಂದೆಲ್ಲೋ ಎಂಜಿನ್‌ಗಳು ಗುಡುಗಿದವು. ಜನ ಕುರ್ಚಿ ಮಡಿಸಿ ಓಡಿದರು. ಅರ್ಧ ಗಡ್ಡದ ಮಹಾಶಯನೂ ಓಡಿದ. ಆಕೆಯೂ ಓಡಿ ಕಾರು ಹತ್ತಿದಳು. ಆಗ ಹನ್ನೆರಡೂವರೆ.

ಮುಂದಿನ ಒಂದೂವರೆ ಗಂಟೆ ನನ್ನ ಲೆಕ್ಕ ಅಕ್ಷರಶಃ ಸರಿಯಾಗಿತ್ತು. ಸಂಧಿಗಳು ಮುಂದುವರಿದವು, ಆದರೆ ಪ್ರಶ್ನೆಗಳು ನಿಂತವು. ಆಕೆ ಸುಮ್ಮನೆ ನೋಡುವಳು. ನಾನು ಸುಮ್ಮನೆ ನೋಡುವೆನು. ಹದಿನಾಲ್ಕನೆಯ ಬಾರಿ ಅಜ್ಜಿ ಎರಡು ಕಡೆಗೂ ಕತ್ತು ತಿರುಗಿಸಿ, ಮೊದಲು ವಟವಟ ಎನ್ನುತ್ತಿದ್ದವರಿಗೆ ಈಗೇನು ಬಾಯಿ ಹೊಲಿದಿದೆಯೇ ಎಂದು ವಿಚಾರಿಸಿದಳು. ಬೊಲೆನ್ ಬಳಿ, ಎರಡು ಗಂಟೆಗೆ, ಹತ್ತೊಂಬತ್ತನೆಯ ಬಾರಿ ಜೊತೆಯಾದೆವು. ಇನ್ನೂ ಒಂದೂವರೆ ಗಂಟೆ ನನ್ನದು. ಆ ಅವಧಿಯಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದೆ.

ಬೊಲೆನ್‌ನ ನಿರ್ಗಮನದಲ್ಲಿ ನೂರಾರು ಕಾರುಗಳು ಇಳಿದುಹೋದವು. ಹೆದ್ದಾರಿ ಬಾಯಿ ತೆರೆದಂತೆ ತೆರವಾಯಿತು. ವೇಗ ಮೂವತ್ತಾಯಿತು, ನಲವತ್ತಾಯಿತು, ಅರವತ್ತಾಯಿತು. ಮೂರು ಸಾಲಿನ ಜನರೂ ಸಂತೋಷದಿಂದ ಹಾರ್ನ್ ಹೊಡೆದರು. ನಾನು ಮಾತ್ರ ಬೆವರಿದೆ. ತೊಂಬತ್ತು ನಿಮಿಷ ಒಮ್ಮೆಗೇ ಇಪ್ಪತ್ತಾಗಿತ್ತು.

ಗಾಳಿಯ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಆಕೆಯ ತುಟಿ ಅಲುಗಿತು. ನಾನು ಕೈ ಎತ್ತಿ ಏನೆಂದು ಕೇಳಿದೆ. ಆಕೆ ತಲೆಯಾಡಿಸಿದಳು. ಆಕೆಯ ಜೊತೆಯಲ್ಲಿರಲು ನಾನು ವೇಗ ಇಳಿಸಿದೆ; ಹಿಂದಿನವರು ದೀಪ ಮಿಣುಕಿಸಿದರು. ಹಾಲೆಂಡಿನವರ ಕಾರೊಂದು, ಮನೆಯಷ್ಟು ಎತ್ತರದ ಕ್ಯಾರವಾನ್ ಎಳೆದುಕೊಂಡು, ನಡುಸಾಲಿಗೆ ನುಗ್ಗಿ ಆಕೆಯನ್ನು ಮರೆಮಾಡಿತು. ಅದು ಸರಿದಾಗ ನೀಲಿ ಕಾರು ಕಾಣಲಿಲ್ಲ. ಮುಂದೆಯೂ ಇಲ್ಲ, ಕನ್ನಡಿಯಲ್ಲಿಯೂ ಇಲ್ಲ.

ತಲೆಯ ಮೇಲೆ ದೊಡ್ಡ ಫಲಕ ಬಂತು. ಎಡಕ್ಕೆ ಮಾರ್ಸೇ. ಬಲಕ್ಕೆ ನೀಮ್, ಸ್ಪೇನ್. ಎರಡು ಸಾವಿರ ಮೀಟರ್.

ಅಕ್ಕ ಆರು ಗಂಟೆಗೆ ಕಾಯುತ್ತಿದ್ದಳು. ತಂದೆ ನಂಬಿ ಕಳಿಸಿದ್ದರು. ನನ್ನ ಮುಂದೆ ದಾರಿ ತೆರವಾಗಿತ್ತು. ಏನೂ ಮಾಡದಿದ್ದರೆ ಸಾಕು, ಕಾರು ತಾನಾಗಿ ಸರಿಯಾದ ಊರಿಗೆ ಹೋಗುತ್ತಿತ್ತು. ಆದರೆ ಐವತ್ತನಾಲ್ಕನೆಯ ಜಿಲ್ಲೆಯಲ್ಲಿ ಕನ್ನಡಕದ ಅಂಗಡಿಗಳು ಎಷ್ಟು? ಕಣ್ಣು ಪರೀಕ್ಷಿಸುವ ತರುಣಿಯರು ಎಷ್ಟು? ಒಂದೊಂದಾಗಿ ಹುಡುಕಿದರೆ ಎಷ್ಟು ಶನಿವಾರಗಳು? ಆ ಭಾಗಾಕಾರವನ್ನು ನಾನು ಮುಗಿಸಲಿಲ್ಲ. ಬಲಗಡೆಯ ಇಂಡಿಕೇಟರ್ ಹಾಕಿದೆ.

ಎರಡು ಸಾಲು ದಾಟಬೇಕಿತ್ತು. ಕವಲಿನ ಮುಂದೆ ಕಾರುಗಳು ಮತ್ತೆ ಒತ್ತಾಗಿ, ನಡೆಯುವವನ ವೇಗಕ್ಕೆ ಇಳಿದಿದ್ದವು. ಕಿಟಕಿಯಿಂದ ಕೈ ಚಾಚಿ ಬೇಡಿದೆ. ಒಬ್ಬ ದಾರಿ ಬಿಟ್ಟ. ಇನ್ನೊಬ್ಬ ದಾರಿಯೊಡನೆ ಉಪದೇಶವನ್ನೂ ಕೊಟ್ಟ: “ಏಯ್ ಎಪ್ಪತ್ತೊಂದು, ನಿಮ್ಮೂರಲ್ಲಿ ಎಡ ಬಲ ಹೇಳಿಕೊಡಲ್ವೇನಯ್ಯಾ?” ಹೇಳಿಕೊಡುವವನು ನಾನೇ ಎಂದು ತಿಳಿಸಲು ಸಮಯವಿರಲಿಲ್ಲ. ಕವಲಿನ ಫಲಕದ ಕಂಬಕ್ಕೆ ಇಪ್ಪತ್ತು ಮೀಟರ್ ಇರುವಾಗ ನಾನು ಸ್ಪೇನಿನ ದಾರಿಯಲ್ಲಿದ್ದೆ.

ಮುಂದಿನ ಕಾರುಗಳನ್ನೆಲ್ಲ ನೋಡಿದೆ. ಬಿಳಿ, ಬೂದು, ಕೆಂಪು, ಬಿಳಿ. ನೀಲಿ ಇಲ್ಲ.

ಆಗ, ಯಾಕೋ, ಎಡಕ್ಕೆ ನೋಡಿದೆ. ಎರಡು ರಸ್ತೆಗಳ ನಡುವೆ ಒಣಹುಲ್ಲಿನ ತ್ರಿಕೋನವೊಂದು ಅಗಲವಾಗುತ್ತ ಹೋಗುತ್ತಿತ್ತು. ಅದರಾಚೆ, ಮಾರ್ಸೇ ದಾರಿಯಲ್ಲಿ, ನೀಲಿ ಕಾರು. ಆಕೆ ಸ್ಟಿಯರಿಂಗಿನ ಮೇಲೆ ಬಾಗಿ, ತನ್ನ ಮುಂದಿನ ಕಾರುಗಳಲ್ಲಿ ಯಾರನ್ನೋ ಹುಡುಕುತ್ತಿದ್ದಳು. ಅಜ್ಜಿ ನನ್ನನ್ನು ಕಂಡಳು. ಮೊಮ್ಮಗಳ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ನನ್ನತ್ತ ತಿರುಗಿಸಿದಳು.

ಎರಡು ಕಾರುಗಳೂ ಒಂದೇ ಕ್ಷಣದಲ್ಲಿ ಅಂಚಿಗೆ ಸರಿದು ನಿಂತವು.

ನಾನು ಕಬ್ಬಿಣದ ತಡೆಯನ್ನು ಹಾರಿದೆ. ಆಕೆ ತನ್ನ ಕಡೆಯದನ್ನು ಹಾರಿದಳು. ಹುಲ್ಲು ಮೊಣಕಾಲೆತ್ತರವಿತ್ತು, ಮುಳ್ಳಿತ್ತು, ಜೀರುಂಡೆಗಳು ಕಿವಿಗಡಚಿಕ್ಕುವಂತೆ ಕೂಗುತ್ತಿದ್ದವು. ನಡುವೆ ಒಂದಡಿ ಬಿಟ್ಟು ನಿಂತೆವು.

“ಆ ಕಡೆ ಯಾಕೆ ಹೋದ್ರಿ?” ಎಂದಳು.

“ನೀವು ಈ ಕಡೆ ಯಾಕೆ ಬಂದ್ರಿ?”

ಆಕೆ ಮುಖದ ಮೇಲಿನ ಕೂದಲು ಸರಿಸಿದಳು. “ನೀವು ಬರ್ತೀರೋ ಇಲ್ವೋ ಅಂತ ಕಾದು ಕೂರೋದು ನನ್ನಿಂದ ಆಗಲಿಲ್ಲ. ಕಾದಿದ್ದು ಸಾಕು ಅನ್ನಿಸ್ತು. ಈ ಸಲ ನಾನೇ ಹೋಗೋಣ ಅಂತ.”

ನನ್ನ ಮನಸ್ಸಿನಲ್ಲಿ ಬರೆದಿಟ್ಟ ಮಾತಿತ್ತು. ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

ಹೆದ್ದಾರಿಯ ಪೊಲೀಸನೊಬ್ಬ ಮೋಟಾರ್ ಸೈಕಲ್ ನಿಲ್ಲಿಸಿ, ಕೈಗವಸು ಕಳಚುತ್ತ ನಮ್ಮತ್ತ ಬಂದ. ಯಾವ ಕಾರು ಕೆಟ್ಟಿದೆ ಎಂದ. ಎರಡೂ ಚೆನ್ನಾಗಿವೆ ಎಂದೆವು. ಮತ್ತೆ ಇಲ್ಲೇಕೆ ನಿಂತಿದ್ದೀರಿ ಎಂದ. ದಾರಿ ತಪ್ಪಿದೆ ಎಂದೆವು, ಇಬ್ಬರೂ ಒಟ್ಟಿಗೆ.

“ಎಲ್ಲಿಗೆ ಹೋಗಬೇಕು?”

“ಆರ್ಜೆಲೆಸ್‌ಗೆ,” ಎಂದೆ ನಾನು.

“ಕಸ್ಸಿಗೆ,” ಎಂದಳು ಆಕೆ.

ಪೊಲೀಸ್ ನನ್ನ ಕಾರನ್ನು ನೋಡಿದ, ಆಕೆಯ ಕಾರನ್ನು ನೋಡಿದ, ಫಲಕವನ್ನು ಓದಿದ. “ಇವರು ಸ್ಪೇನ್ ದಾರಿಯಲ್ಲೇ ಇದ್ದಾರೆ. ನೀವು ಮಾರ್ಸೇ ದಾರಿಯಲ್ಲೇ ಇದ್ದೀರಿ. ಇಬ್ಬರದೂ ಸರಿಯಾಗೇ ಇದೆಯಲ್ಲ. ತಪ್ಪಿದ್ದೆಲ್ಲಿ?”

ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ಸಮುದ್ರ ಎರಡು ಕಡೆಗೂ ಒಂದೇ, ತಾನು ಕಸ್ಸಿಗೇ ಹೋಗುವವಳು, ಆ ಹುಡುಗನ ಕಾರನ್ನು ಇತ್ತ ದಾಟಿಸಿ ಪುಣ್ಯ ಕಟ್ಟಿಕೊಳ್ಳಿ ಎಂದು ಅಪ್ಪಣೆ ಮಾಡಿದಳು. ಪೊಲೀಸ್ ನಮ್ಮ ಮುಖಗಳನ್ನು ಮತ್ತೊಮ್ಮೆ ನೋಡಿದ. ಈಗ ಅವನಿಗೆ ಅರ್ಥವಾಯಿತು. ಕೈಗಡಿಯಾರದತ್ತ ಬಾಗಿ, ಮೀಸೆಯೊಳಗೇ ನಕ್ಕು, ನನ್ನ ಕಾರು ಕವಲಿನವರೆಗೆ ಹಿಂದೆ ಸರಿಯುವಂತೆ ಸಾಲನ್ನು ತಡೆಯಲು ತನಗೆ ಎರಡು ನಿಮಿಷ ಬೇಕೆಂದು ಹೇಳಿ, ಬೆನ್ನು ತಿರುಗಿಸಿ ನಡೆದ.

ಮೊದಲನೆಯ ನಿಮಿಷದಲ್ಲಿ ನಾವು ಹೆಸರು ಹೇಳಿಕೊಂಡೆವು. ಎರಡನೆಯ ನಿಮಿಷದ ಲೆಕ್ಕವನ್ನು ನಾನು ಇಂದಿಗೂ ಯಾರಿಗೂ ಒಪ್ಪಿಸಿಲ್ಲ.