ಅವಳ ತಿದ್ದುಪಡಿ, ಅವನ ಹೆಸರು

"ಈ ಹಾಳು ತಂತ್ರಾಂಶ ಬರೆದೋರು ಯಾರು?"

ಗ್ರೋನಿಂಗೆನ್ ಊರಿನ ಗ್ರಂಥಾಲಯದಲ್ಲಿ ತಂತ್ರಾಂಶ ಬರೆಯಲು ಶನಿವಾರ ಸೇರಿದ್ದ ಏಳೆಂಟು ಮಂದಿ ತಲೆಯೆತ್ತಿದರು. ಬಾಗಿಲಲ್ಲಿ ಹಿಲ್ಕೆ... ಕಂಕುಳಲ್ಲಿ ಲ್ಯಾಪ್‌ಟಾಪ್, ಕಣ್ಣಲ್ಲಿ ಕೆಂಡ!

ಮೂಲೆಯಲ್ಲಿ ಬಟಾಣಿ ಸೂಪ್ ಕುಡಿಯುತ್ತಿದ್ದವನು ಚಮಚ ಕೆಳಗಿಟ್ಟ. "ನಾನೇ. ಎಪ್ಪೊ ಅಂತ."

"ನನ್ನ ಷೇರುಗಳಲ್ಲಿ ಅರ್ಧ ಮಾರು ಅಂದ್ರೆ, ನಿಮ್ಮ ತಂತ್ರಾಂಶ ಎರಡು ಸಲ ಮಾರಿ ಪೂರ್ತಿ ಖಾಲಿ ಮಾಡಿಬಿಡ್ತು! ಮೂರು ಸಲ ದೂರು ಬರೆದೆ. ನಿಮ್ಮ ಉತ್ತರ? 'ನೋಡುತ್ತೇನೆ.' ಅಷ್ಟೇ!"

"ಮುಕ್ತ ತಂತ್ರಾಂಶ. ಒಳಗಿರೋದೆಲ್ಲ ಕಣ್ಣೆದುರೇ ಇದೆ. ನೀವೇ ತಿದ್ದಬಹುದು."

'ಎಂಥ ಸೊಕ್ಕು ಇವನಿಗೆ!'

ಈಜುಕೊಳದಲ್ಲಿ ಅಜ್ಜಿಯರಿಗೆ ಈಜು ಕಲಿಸುವ ಹಿಲ್ಕೆಗೆ ಕೋಡ್‌ನ ಗಂಧಗಾಳಿಯೂ ಇರಲಿಲ್ಲ. ಆದರೂ ಹಟಕ್ಕೆ ಬಿದ್ದು ಅವನ ಪಕ್ಕದ ಕುರ್ಚಿ ಎಳೆದು ಕುಳಿತಳು.

ತಿಂಗಳುಗಟ್ಟಲೆ ಶನಿವಾರಗಳು ಉರುಳಿದವು. ಅವನು ಹೆಚ್ಚು ಮಾತಾಡುತ್ತಿರಲಿಲ್ಲ, ಆದರೆ ಅವಳು ನೂರು ಸಲ ಕೇಳಿದ್ದನ್ನು ನೂರೊಂದನೆಯ ಸಲವೂ ಬೇಸರಿಸದೆ ತೋರಿಸುತ್ತಿದ್ದ. ಕೊನೆಗೆ ತಪ್ಪು ಸಿಕ್ಕಿತು! ಷೇರು ಪೇಟೆಯಿರುವ ನ್ಯೂಯಾರ್ಕಿನ ಗಡಿಯಾರವನ್ನೂ ಇಲ್ಲಿಯದನ್ನೂ ವರ್ಷಕ್ಕೆರಡು ಸಲ, ಬೇರೆ ಬೇರೆ ದಿನ, ಒಂದು ಗಂಟೆ ಹಿಂದೆಮುಂದೆ ತಿರುಗಿಸುತ್ತಾರೆ. ಆ ನಡುವಿನ ದಿನಗಳಲ್ಲಿ ತಂತ್ರಾಂಶ ಗಲಿಬಿಲಿಗೊಂಡು ಒಂದೇ ಮಾರಾಟವನ್ನು ಎರಡು ಸಲ ಮಾಡುತ್ತಿತ್ತು. ಭಾನುವಾರ ಹಿಲ್ಕೆ ಮನೆಯಲ್ಲಿ ಕೂತು ತಾನೇ ತಿದ್ದುಪಡಿ ಬರೆದು, ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟಿದ್ದ ಜಾಲತಾಣಕ್ಕೆ ಕಳಿಸಿದಳು.

ಅರ್ಧ ಗಂಟೆಯಲ್ಲಿ ಅದು ಅಲ್ಲಿಂದ ಮಾಯ! ಸಂಜೆಗೆ ಅದೇ ತಿದ್ದುಪಡಿ ತಂತ್ರಾಂಶದಲ್ಲಿ ಸೇರಿಕೊಂಡಿತ್ತು... ಎಪ್ಪೊನ ಹೆಸರಿನಲ್ಲಿ!

'ಕಳ್ಳ! ಇವನನ್ನು ನಾನು... ನಾನು ಮೆಚ್ಚಿದ್ದೆನಲ್ಲ!' ಅವನ ಫೋನ್ ಕರೆಗಳು ಬಂದವು. ಅವಳು ತೆಗೆಯಲಿಲ್ಲ. ಮುಂದೆ ಕರೆಯೇ ಬರದಂತೆ ಮಾಡಿದಳು.

ಮೂರು ವಾರದ ಬಳಿಕ ಎಪ್ಪೊ ಈಜುಕೊಳಕ್ಕೇ ಬಂದ. ಷೂ ಕೈಯಲ್ಲಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು.

"ಯಾಕೆ ಬಂದ್ರಿ? ಕದಿಯೋಕೆ ಇನ್ನೇನು ಉಳಿದಿದೆ?"

"ಪರೀಕ್ಷೆ ಮಾಡುವಾಗ ನಿಮ್ಮ ಷೇರು ಖಾತೆಯ ಗುಪ್ತಪದ ಆ ತಿದ್ದುಪಡಿಯೊಳಗೇ ಬಿಟ್ಟಿದ್ರಿ, ಹಿಲ್ಕೆ. ಲೋಕವೆಲ್ಲ ನೋಡೋ ಜಾಗ ಅದು. ತಕ್ಷಣ ಅಳಿಸಿದೆ. ಕಾರಣ ಅಲ್ಲಿ ಬರೆಯೋ ಹಾಗಿರಲಿಲ್ಲ. ಫೋನ್ ಮಾಡಿದೆ..."

ಹಿಲ್ಕೆಯ ಮುಖ ಬಿಳಿಚಿತು.

"ಗಡಿಯಾರ ತಿರುಗಿಸೋ ದಿನ ಬಂದಿತ್ತು, ಸೋಮವಾರ ಪೇಟೆ ತೆರೆದ್ರೆ ಇನ್ನೂ ಎಷ್ಟೋ ಜನರ ಷೇರು ಹೋಗ್ತಿತ್ತು. ಅದಕ್ಕೇ ಗುಪ್ತಪದ ತೆಗೆದು ನಾನೇ ಹಾಕಿದೆ. ಆದ್ರೂ... ಹೆಸರು ನಿಮ್ಮದೇ ಇರಬೇಕಿತ್ತು. ಅದು ನನ್ನ ತಪ್ಪು. ಇವತ್ತು ಸರಿ ಮಾಡಿದೀನಿ."

"ಇದನ್ನ ಹೇಳೋಕೆ ಮೂರು ವಾರ ಬೇಕಾಯ್ತಾ?"

"ಎರಡು ಸಲ ಬಾಗಿಲ ತನಕ ಬಂದು ವಾಪಸ್ ಹೋದೆ... ಧೈರ್ಯ ಸಾಲಲಿಲ್ಲ."

"ಏ ಹುಡುಗಿ," ನೀರಿನಿಂದ ಒಬ್ಬ ಅಜ್ಜಿ ಕೂಗಿದಳು, "ಅವನು ನಡುಗ್ತಾ ಇದಾನೆ, ಬೇಗ ಏನಾದ್ರೂ ಹೇಳು!"

ಹಿಲ್ಕೆ ನಕ್ಕಳು... ನಗುತ್ತಲೇ ಕಣ್ಣು ತುಂಬಿತು.

"ಶನಿವಾರ ಬರ್ತೀರಾ?" ಅವನು ಮೆಲ್ಲಗೆ ಕೇಳಿದ.

"ತಂತ್ರಾಂಶಕ್ಕಾ?"

"ಅಲ್ಲ. ನನಗೆ... ನೀವು ಬೇಕು."

"ಹಾಗಾದ್ರೆ ಈ 'ನೀವು' ಬಿಡು, ಎಪ್ಪೊ."

ಅವನು ಒದ್ದೆ ನೆಲದ ಮೇಲೆ ಒಂದು ಹೆಜ್ಜೆ ಮುಂದಿಟ್ಟ. "ನೀನು ಬೇಕು, ಹಿಲ್ಕೆ."