ಪಕ್ಕದ್ಮನೇಲಿಟ್ಟ ಗಂಟು

ಬಹಳ ಹಿಂದಿನ ಮಾತು. ಏಳು ಕೆರೆ, ಎಂಟು ಕೋಟೆ ದಾಟಿದ್ರೆ ಕೆಂಗಲ್ಲ ರಾಜ್ಯ ಅಂತ ಒಂದಿತ್ತು. ಆ ರಾಜ್ಯದಲ್ಲಿ ಯಾರಿಗೂ ನಿದ್ದೆ ಇರ್ಲಿಲ್ಲ. ಹುಳಿಮೊಗದ ಮಾಂತ್ರಿಕ ಒಬ್ಬ, ಬೇರೇರ ಗೊರಕೆ ಕೇಳಿದ್ರೆ ಹೊಟ್ಟೆ ಉರ್ಕೊಳೋನು, ಎಲ್ಲರ ನಿದ್ದೇನೂ ಬಲೇಲಿ ಹಿಡಿದು ಸಮುದ್ರದಾಚೆ ದ್ವೀಪದಲ್ಲಿ ತೆಂಗಿನಮರಕ್ಕೆ ನೇತಾಕಿದ್ದ. ಆ ದ್ವೀಪದಲ್ಲಿ ಕಾಗೆ ಕೂಡ ಕೂಗ್ತಿರ್ಲಿಲ್ವಂತೆ.

ನಿದ್ದೆಗೆಟ್ಟ ಜನ ಏನಾಗ್ತಾರೆ? ರಾಜ ಕಿರೀಟ ಅಂದ್ಕೊಂಡು ತಂಬಿಗೆ ಬೋರಲು ಹಾಕ್ಕೊಂಡು ಆಸ್ಥಾನಕ್ಕೆ ಬರೋನು. ರಾಣಿ ನೋಡಿ, "ಇವತ್ತು ಲಕ್ಷಣವಾಗಿದೀರ" ಅನ್ನೋಳು.

ಕುಂಬಾರಗೇರಿ ಸಣ್ಣೀರಿಗೆ ಮಾತ್ರ ನಗು ಬರ್ತಿರ್ಲಿಲ್ಲ. ಅವಳ ಹೆಣ್ಣುಕೂಸು ಹುಟ್ಟಿದಾಗ್ನಿಂದ ಕಣ್ಣೇ ಮುಚ್ಚಿರ್ಲಿಲ್ಲ. "ಈ ಅಮಾಸೆ ದಾಟಲ್ಲ ಕಣವ್ವ" ಅಂದ್ಬಿಟ್ಟ ಪಂಡಿತ.

"ಹಂಗಾದ್ರೆ ನಾನೇ ದ್ವೀಪಕ್ಕೆ ಹೋಗಿ ಬರ್ತೀನಿ" ಅಂದ್ಲು ಸಣ್ಣೀರಿ. ಅವಲಕ್ಕಿ, ಬೆಲ್ಲ, ಮರ ಹತ್ತೋಕೆ ಹಗ್ಗ, ಬಲೆ ಕೊಯ್ಯೋಕೆ ಕುಡುಗೋಲು, ಎಲ್ಲಾ ಗಂಟು ಕಟ್ಟಿದ್ಲು.

ಕಟ್ಟೋದು ಯಾವ ಮಹಾ? ಹೊಸ್ತಿಲು ದಾಟೋದೇ ಕಷ್ಟ. ದ್ವೀಪಕ್ಕೆ ಹೊರಟೋರ ಮುಂದೆ ಮಾಂತ್ರಿಕ ಅಪಶಕುನ ಬಿಡ್ತಿದ್ದ. ಎರಡು ಸಲ ವಾಪಸ್ ಬಂದು ಕೂರಬಹುದು. ಮೂರನೇ ಸಲ ನಿಂತಲ್ಲೇ ಕಲ್ಲು. ಆ ಬೀದೀಲಿ ಅಂಥ ಕಲ್ಲು ಆಗಲೇ ಹನ್ನೊಂದಿದ್ವು.

ಮೊದಲನೇ ದಿನ ಕರಡಿ ಗಾತ್ರದ ಕರೀ ಬೆಕ್ಕು ಅಡ್ಡ ಬಂತು. ಸಣ್ಣೀರಿ ವಾಪಸ್ ಬಂದು ನೀರು ಕುಡಿದು ಕೂತ್ಲು. ಪಾದ ಕಲ್ಲಿನಂಗೆ ತಣ್ಣಗಾದ್ವು. ಎರಡನೇ ದಿನ ಸೂರಿನ ಮೇಲಿನ ಹಲ್ಲಿ ಒಂಟಿ ಸೀನು ಸೀನ್ತು, ಹೆಂಚು ಹಾರೋವಂಥ ಸೀನು. ವಾಪಸ್ ಬಂದ್ಲು. ಸೊಂಟದ ತನಕ ತಣ್ಣಗಾಯ್ತು.

ಹಿತ್ತಲ ಗೋಡೆ ಆಚೆಯಿಂದ ಪಕ್ಕದ್ಮನೆ ಬೋರಕ್ಕ ಇಣುಕಿದ್ಲು. "ಏನೇ, ದ್ವೀಪ ನೋಡ್ಕೊಂಡು ಬಂದ್ಯಾ? ಬಲು ಬೇಗ ಆಯ್ತಲ್ಲ!"

"ಆಡ್ಕೊ ಅಕ್ಕ. ನಾಳೆ ಕಲ್ಲಾಗ್ತೀನಿ, ನನ್ಮೇಲೇ ಬಟ್ಟೆ ಒಗೀವಂತೆ" ಅಂದು ಸಣ್ಣೀರಿ ಅತ್ಲು.

ಬೋರಕ್ಕನ ಬಾಯಿ ಕೆಟ್ಟದ್ದು, ಕರುಳು ಕೆಟ್ಟದ್ದಲ್ಲ. "ಅಯ್ಯೋ ಬುದ್ಧಿಗೇಡಿ, ನಮ್ಮತ್ತೆ ತೌರಿಗೆ ಹೋಗೋವಾಗ ಏನ್ಮಾಡೋರು? ಒಳ್ಳೆ ಗಳಿಗೇಲಿ ಗಂಟು ಪಕ್ಕದ್ಮನೇಲಿ ಇಟ್ಟು ಬರೋರು. ಗಂಟು ಹೊರಟ್ರೆ ಮನುಷ್ಯರು ಹೊರಟಂಗೇ. ಆಮೇಲೆ ಯಾವ ಬೆಕ್ಕು, ಯಾವ ಸೀನು? ತಾರೇ ಇತ್ಲಾಗೆ."

ಗಂಟು ಗೋಡೆ ದಾಟ್ತು.

ಮೂರನೇ ಬೆಳಿಗ್ಗೆ ಮಾಂತ್ರಿಕ ತಾನೇ ಬಂದು ಜಗುಲಿ ಮೇಲೆ ಎಲೆಅಡಿಕೆ ಮೆಲ್ತಾ ಕೂತಿದ್ದ. ಸಣ್ಣೀರಿ ಕೂಸನ್ನ ಎತ್ಕೊಂಡು ಹೊಸ್ತಿಲಿಗೆ ಬಂದ್ಲು.

"ಎಲ್ಲಿಗೆ ಹೊರಟೆ?" ಅಂದ.

ಹೊರಡೋರ್ನ ಎಲ್ಲಿಗೆ ಅಂತ ಕೇಳೋದಕ್ಕಿಂತ ಅಪಶಕುನ ಉಂಟಾ! ಸಣ್ಣೀರಿ ಕೂಸನ್ನ ಎದೆಗವುಚ್ಕೊಂಡ್ಲು. ಆದ್ರೂ ಅಂದ್ಲು, "ಈಗೆಲ್ಲಿ ಹೊರಟೆ? ನಿನ್ನೆನೇ ಹೊರಟಾಯ್ತು ಕಣಯ್ಯ. ನನ್ನ ಗಂಟು ದಾರೀಲೈತೆ."

"ಸುಳ್ಳು!"

"ಸುಳ್ಳಾ?" ಬೋರಕ್ಕ ತನ್ನ ಬಾಗಿಲಿಂದ ಗಂಟು ಎತ್ತಿ ತೋರ್ಸಿದ್ಲು. "ನಿನ್ನೆಯಿಂದ ನಮ್ಮನೇಲೈತೆ. ಒಂದ್ಮುಷ್ಟಿ ಅವಲಕ್ಕಿ ನಾನೇ ತಿಂದಿದೀನಿ!"

ಹೊರಟು ಹೋದೋಳನ್ನ ಶಾಪ ಹಿಡಿಯೋಕಾಗುತ್ತಾ? ಬಿಟ್ಟ ಶಾಪ ಸುಮ್ನೆನೂ ಹೋಗಲ್ಲ. ಗಿರ್ರನೆ ತಿರುಗಿ ಬಿಟ್ಟೋನ್ನೇ ಹಿಡೀತು. ಬಾಯಲ್ಲಿ ಎಲೆಅಡಿಕೆ ಇದ್ದಂಗೇ ಮಾಂತ್ರಿಕ ಕಲ್ಲಾದ. ಬೀದೀಲಿದ್ದ ಹನ್ನೊಂದು ಕಲ್ಲೂ ಮನುಷ್ಯರಾಗಿ ಮೈ ಮುರ್ಕೊಂಡು ನಿಂತ್ವು. ಒಬ್ಬ ಕೇಳಿದ, "ನನ್ನ ಬುತ್ತಿ ಹಳಸ್ಹೋಯ್ತಾ?"

ಸಣ್ಣೀರಿ ಬೋರಕ್ಕನ ಕೈಯಿಂದ ಗಂಟು ಇಸ್ಕೊಂಡು, ದೋಣಿ ಹತ್ತಿ ದ್ವೀಪ ಸೇರಿದ್ಲು. ಅಲ್ಲಿ ಅಲೆನೂ ಪಿಸುಗುಟ್ಟೇ ಬರ್ತಿತ್ತು. ಕೂಸನ್ನ ನೆರಳಲ್ಲಿ ಮಲಗಿಸಿ, ಮರ ಹತ್ತಿ, ಬಲೆ ಕೊಯ್ದ್ಲು. ಮಂಜಿನಂಗೆ ಬೆಳ್ಳಗೆ ನಿದ್ದೆ ಇಳೀತು. ಓಡಿ ಬಂದು ನೋಡಿದ್ಲು. ಕೂಸು ಪುಟ್ಟ ಬಾಯಿ ತೆರೆದು ಆಕಳಿಸ್ತು. ರೆಪ್ಪೆ ಮುಚ್ಚಿದ್ವು. ಎದೆ ಮೇಲೆ ಕಿವಿ ಇಟ್ಲು. ಉಸಿರಾಡ್ತಿತ್ತು, ಸಣ್ಣಗೆ ಗೊರಕೆ ಬೇರೆ.

"ಅಬ್ಬಾ" ಅಂದು ಅದರ ಪಕ್ಕ ತಾನೂ ಉರುಳಿದ್ಲು.

ಅಲ್ಲಿ ರಾಜ್ಯದಲ್ಲಿ ಎಲ್ಲರೂ ಇದ್ದಲ್ಲೇ ಒರಗಿ ಮೂರು ದಿನ ಮಲಗಿದ್ರು. ರಾಜ ಎದ್ದು ಮೊದಲು ತಂಬಿಗೆ ತೆಗೆದ. ಬೋರಕ್ಕ ಎದ್ದು ಆ ಹುಳಿಮೊಗದ ಕಲ್ಲನ್ನ ಉರುಳಿಸ್ಕೊಂಡು ಹೋಗಿ ಬಾವಿಕಟ್ಟೇಲಿ ಬಟ್ಟೆ ಒಗೆಯೋಕೆ ಇಟ್ಕೊಂಡ್ಲು. ನೀವು ಕೆಂಗಲ್ಲಕ್ಕೆ ಮಧ್ಯಾಹ್ನ ಹೋದ್ರೆ ಬಾಗಿಲು ಬಡೀಬೇಡಿ. ಎಲ್ಲ ಸುಖವಾಗಿ ಮಲಗಿರ್ತಾರೆ.