ಐದು, ಐದು, ನೂರ ಇಪ್ಪತ್ತೈದು

ರಮಿತಾ ಬಾಗಿಲಲ್ಲೇ ನಿಂತುಬಿಟ್ಟಳು. ಸೂರಜ್ ಇಂದೂ ಮಾನಸಿಯ ಪಕ್ಕದಲ್ಲೇ ಕುಳಿತಿದ್ದ.

2009ರ ಬೇಸಿಗೆ. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವವರಿಗೆ ಅವನು ಪ್ರತಿ ಭಾನುವಾರ ಡೊಂಬಿವಲಿಯ ಕನ್ನಡ ಸಂಘದ ಕೋಣೆಯಲ್ಲಿ ಗಣಿತ ಹೇಳಿಕೊಡುತ್ತಿದ್ದ. ಇಂದು ಕೊನೆಯ ಪಾಠ. ನಾಳೆಯಿಂದ ಅವನಿಗೆ ಮಹಾಪೆಯಲ್ಲಿ ಕೆಲಸ.

ಆಮೇಲೆ ಯಾವ ನೆಪ ಹೇಳಿ ಅವನನ್ನು ನೋಡುವುದು...

"ಸೂರಜ್ ದಾದಾ, ಫಿರ್ ಸೆ ಸಮಝಾವ್ ನಾ," ಎಂದಳು ಮಾನಸಿ.

ಅವನು ಮತ್ತೆ ವಿವರಿಸಿದ. ಸೈನ್ ಐದು ಎಕ್ಸ್. ಅವಕಲನ ಮಾಡಿದಾಗಲೆಲ್ಲ ಸೈನ್ ಹೋಗಿ ಕಾಸ್ ಬರಬಹುದು, ಚಿಹ್ನೆ ಬದಲಾಗಬಹುದು. ಆದರೆ ಒಳಗಿನ ಐದು ಪ್ರತಿ ಸಲವೂ ಹೊರಬಂದು ಗುಣಿಸಲೇಬೇಕು. ಮೊದಲು ಐದು, ಆಮೇಲೆ ಇಪ್ಪತ್ತೈದು, ಮೂರನೇ ಸಲ ನೂರ ಇಪ್ಪತ್ತೈದು. ಅದೇ ಸರಪಳಿ ನಿಯಮ.

ಮಾನಸಿ ಮಾತ್ರ ಮೂರು ಸಲವೂ ಐದೇ ಬರೆಯುತ್ತಿದ್ದಳು. ಅವನು ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ತಿದ್ದುತ್ತಿದ್ದ.

ರಮಿತಾಳ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ. ಅವಳಿಗೆ ಸಿಗುತ್ತಿದ್ದುದು ದೂರದಿಂದ ಒಂದು 'ಸರಿ', ಅಷ್ಟೇ.

ಅವಳ ಹೊಟ್ಟೆ ಉರಿಯಿತು. ಮಾನಸಿ ಬಾಯ್ತುಂಬ 'ದಾದಾ' ಎನ್ನುತ್ತಿದ್ದಳು, ಮನೆಯ ಅಣ್ಣನನ್ನು ಕರೆದ ಹಾಗೆ. ಆದರೆ ಹೊಟ್ಟೆಕಿಚ್ಚಿಗೆ ಕಿವಿ ಎಲ್ಲಿರುತ್ತದೆ, ಪಾಪ!

ಸೂರಜ್ ರಮಿತಾಳನ್ನು ಹಲಗೆಯ ಬಳಿ ಕರೆದು ಅದೇ ಲೆಕ್ಕ ಮಾಡಲು ಹೇಳಿದ.

ಮೊದಲನೆಯದಕ್ಕೆ ಐದು ಬರೆದಳು. ಎರಡನೆಯದಕ್ಕೂ ಬೇಕೆಂದೇ ಐದು ಬರೆದಳು. ತಪ್ಪಿದವರ ಪಕ್ಕದಲ್ಲೇ ಕೂರುವುದಾದರೆ ನಾನೂ ತಪ್ಪುತ್ತೇನೆ... ಮೂರನೆಯದಕ್ಕೆ ಬರುವಷ್ಟರಲ್ಲಿ ಕೈ ತನ್ನ ರೂಢಿಯಂತೆ ನೂರ ಇಪ್ಪತ್ತೈದು ಬರೆದುಬಿಟ್ಟಿತು.

ಸೂರಜ್ ಹಲಗೆಯನ್ನು ನೋಡಿದ. ಅವಳನ್ನು ನೋಡಿದ. ಬರೆದದ್ದನ್ನೆಲ್ಲ ಒರೆಸಿದ.

ನಾಚಿಕೆಯಿಂದ ಅವಳು ಪಾಠ ಮುಗಿಯುವ ಮೊದಲೇ ಹೊರಟು ಸ್ಟೇಷನ್ನಿಗೆ ಬಂದಳು. ಟಿಟ್ವಾಳಾ ಲೋಕಲ್ ರೈಲಿಗೆ ಕಾಯುತ್ತಾ ಬೆಂಚಿನಲ್ಲಿ ಕುಳಿತವಳ ಎದುರು ಸ್ವಲ್ಪ ಹೊತ್ತಿಗೆ ಅವನೇ ಬಂದು ನಿಂತ.

"ಠಾಣೆಗೆ ಹೋಗುವ ನಿನ್ನ ಗಾಡಿ ಆ ಕಡೆ," ಎಂದಳು, ತಲೆ ಎತ್ತದೆ.

"ಗೊತ್ತುಂಟು. ಎರಡನೆಯದು ತಪ್ಪು, ಅದರಿಂದ ಬಂದ ಮೂರನೆಯದು ಸರಿ. ಅದು ಹೇಗೆ ಮಾರಾಯ್ತಿ? ನಿಜವಾಗಿ ತಪ್ಪುವವರು ಹಾಗೆ ತಪ್ಪುವುದಿಲ್ಲ."

ಅವಳ ಕಣ್ಣು ತುಂಬಿತು. "ಮತ್ತೆಂತ ಮಾಡ್ಲಿ? ತಪ್ಪಿದವರ ಹತ್ರ ಮಾತ್ರ ಅಲ್ವಾ ನೀನು ಕೂತ್ಕೊಳ್ಳುದು..."



"ಮಾನಸಿ ನಂಗೆ ತಂಗಿ ಹಾಗೆ. ಅವಳ ಹತ್ರ ಕೂತ್ರೆ ಲೆಕ್ಕ ನೆನಪಿರ್ತದೆ. ನಿನ್ನ ಹತ್ರ ಕೂತ್ರೆ ಅದೊಂದೇ ಮರೆತುಹೋಗ್ತದೆ ರಮಿತಾ. ಅದಕ್ಕೇ ದೂರ."

ಇಷ್ಟು ದಿನದ ಉರಿಯೆಲ್ಲ ಎಲ್ಲಿ ಹೋಯಿತೋ... ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ನಾಲ್ಕನೆಯದು ಎಷ್ಟು?" ಎಂದು ಮೆಲ್ಲಗೆ ಕೇಳಿದ.

"ಆರುನೂರ ಇಪ್ಪತ್ತೈದು."

"ಸರಿ."

"ಸರಿ ಹೇಳಿದ್ರೂ ಕೂತ್ಕೊಳ್ತೀಯಾ?"

ಅವಳು ಬೆಂಚಿನ ಮೇಲಿದ್ದ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಅವನು ಕುಳಿತ.

"ನಿನ್ನ ಗಾಡಿ ಬಂತು," ಎಂದ.

"ಬರ್ಲಿ. ಇದರ ಹಿಂದೆ ಇನ್ನೊಂದು ಉಂಟು."